ಪ್ರಶ್ನೆ ಮಾತ್ರ ಕೇಳಬೇಕು

ಮಾರ್ಚ್ 4, ಸಂಜೆ

ಮತ್ತೆ ಅದೇ. ಸ್ಕೂಲು ಮುಗಿಸಿ, ಬಸ್ಸು ಹಿಡಿದು, ಟೀಚರುಗಳ ಮಾಸ್ಟರ್ಸ್ ಕ್ಲಾಸು. ಕೋರ್ಸಿನ ಹೆಸರು ಮಾರುದ್ದ — ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ, ಎಲ್ಲವನ್ನೂ ಒಂದೇ ಪಾಠದಲ್ಲಿ ಬೆರೆಸಿ ಕಲಿಸುವ ವಿದ್ಯೆ. ನಾನು ವಿಜ್ಞಾನ, ಅತ್ತಿಗೆ ಗಣಿತ. ಒಂದೇ ಸ್ಕೂಲು, ಒಂದೇ ಕೋರ್ಸು, ಇವತ್ತಿನಿಂದ ನಾವಿಬ್ಬರೂ ಒಂದು ಜೋಡಿ ಬೇರೆ. ಕೋರ್ಸಿನ ಮೇಷ್ಟ್ರು, ನಮ್ಮ ಗೈಡ್, ಚೀಟಿ ಎತ್ತಿ ಹಾಕಿದ್ದು. ಅಣ್ಣನ ಹೆಂಡತಿಯಿಂದ ಇಲ್ಲೂ ಬಿಡುಗಡೆ ಇಲ್ಲ!

ಒಬ್ಬರ ಪಾಠವನ್ನು ಇನ್ನೊಬ್ಬರು ನೋಡಬೇಕು. ತಪ್ಪು ಕಂಡರೂ ಹೇಳುವಂತಿಲ್ಲ. ಪ್ರಶ್ನೆ ಮಾತ್ರ ಕೇಳಬೇಕು, ತಪ್ಪನ್ನು ಅವರೇ ಕಂಡುಕೊಳ್ಳಬೇಕಂತೆ. ಗೈಡ್‌ದು ದಿನಾ ಇದೇ ಪುರಾಣ.

ಮಾರ್ಚ್ 9, ಭಾನುವಾರ

ಅಣ್ಣನ ಮನೆಯಲ್ಲಿ ಊಟ. ಅಮ್ಮ ಇರುವುದು ಅಲ್ಲೇ. ಬಡಿಸುವಾಗಲೂ ಸೊಸೆಯ ಭಜನೆ. “ಪುಟ್ಟೀ, ನಿಮ್ಮತ್ತಿಗೆ ಮಾಡಿರೋ ಕಾರು ನೋಡಿದ್ಯೇನೇ? ತಾನೇ ಓಡುತ್ತೆ ಕಣೇ!” ಹೆತ್ತ ಮಗಳು ಇಷ್ಟು ವರ್ಷದಿಂದ ಪಾಠ ಮಾಡುತ್ತಿದ್ದಾಳೆ, ಒಂದು ದಿನ ಬಾಯ್ತುಂಬ ಹೊಗಳಿದ್ದಿಲ್ಲ. ಹೊಟ್ಟೆ ಉರಿಯಿತು. ಉರಿಯಿತು ಅಂತಲೇ ಬರೆಯುತ್ತೇನೆ, ಯಾರು ಓದುತ್ತಾರೆ?

ಅತ್ತಿಗೆಯದು ಟೆಂಪರರಿ ಕೆಲಸ. ಈ ಸಲ ಕೋರ್ಸಿನ ಪಾಠದ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಮನೆಗೆ. ಪಾಸಾದರೆ ಪರ್ಮನೆಂಟ್... ಸಾಲದ್ದಕ್ಕೆ ಸ್ಕೂಲಿನ ಹೊಸ ಲ್ಯಾಬಿನ ಜವಾಬ್ದಾರಿಗೂ ಅವಳ ಹೆಸರೇ ಓಡಾಡುತ್ತಿದೆ. ನನ್ನ ಕೆಲಸ ಭದ್ರ. ನನಗೆ ಬೇಕಾಗಿರುವುದು ಆ ಲ್ಯಾಬು.

ಮಾರ್ಚ್ 17, ಸಂಜೆ

ಕಾಲೇಜಿನಲ್ಲಿ ಅತ್ತಿಗೆಯ ಟ್ರಯಲ್. ಪರದೆ ಎಳೆದು, ಟ್ಯೂಬ್‌ಲೈಟ್ ಹಾಕಿ. ಬಿಳಿ ಹಾಳೆಯ ಮೇಲೆ ಕಪ್ಪು ಟೇಪಿನ ಗೆರೆ, ಗೆರೆ ಹಿಡಿದು ಓಡುವ ಪುಟಾಣಿ ಕಾರು. ಅದರ ಹೊಟ್ಟೆಯಡಿಯ ಸೆನ್ಸರ್ ಬೆಳಕು ಅಳೆದು ಯಾವುದು ಕಪ್ಪು, ಯಾವುದು ಬಿಳಿ ಎಂದು ತೀರ್ಮಾನಿಸುತ್ತದೆ. ಎಷ್ಟು ಬೆಳಕಿದ್ದರೆ ಬಿಳಿ ಎನ್ನುವ ಸಂಖ್ಯೆಯನ್ನು ನಾವೇ ಕೊಡಬೇಕು. ಅವಳು ಟ್ಯೂಬ್‌ಲೈಟಿನಲ್ಲಿ ಅಳೆದು ಕೊಟ್ಟಿದ್ದಾಳೆ. ಕಾರು ಸರಸರ ಓಡಿತು.

ಪರೀಕ್ಷೆ ಇರುವುದು ಮುಂದಿನ ವಾರ, ಬೆಳಗ್ಗೆ, ಸ್ಕೂಲಿನ ಹಾಲ್‌ನಲ್ಲಿ. ಸಾಲು ಕಿಟಕಿ, ಪರದೆ ಇಲ್ಲ, ನೆಲದ ತುಂಬ ಬಿಸಿಲು. ಆ ಬಿಸಿಲಿನಲ್ಲಿ ಸೆನ್ಸರಿಗೆ ಕಪ್ಪೂ ಬಿಳಿಯೇ. ಅಲ್ಲೇ ಮತ್ತೆ ಅಳೆಯದಿದ್ದರೆ ಕೆಟ್ಟಳು. ಬೆಳಕಿನ ಪಾಠ ಮಾಡುವ ನನಗೆ ನೋಡಿದ ಕೂಡಲೇ ಹೊಳೆಯಿತು. ಗಣಿತದವಳಿಗೆ ಹೊಳೆಯಲಿಲ್ಲ.

“ಏನಾದ್ರೂ ಕೇಳೋದಿದ್ಯಾ ಪುಟ್ಟಿ?”

“ಹಾಲ್‌ನಲ್ಲಿ ಮಾಡ್ತೀರಲ್ಲ ಅತ್ತಿಗೆ, ಎಲ್ಲಾ ಯೋಚನೆ ಮಾಡಿದೀರಾ?”

“ಮಾಡಿದೀನಿ ಕಣೇ. ಮಕ್ಕಳನ್ನ ಸುತ್ತ ಕೂರಿಸ್ತೀನಿ.”

ಪ್ರಶ್ನೆ ಕೇಳಿಯಾಯಿತು. ನಿಯಮ ಅಂದಮೇಲೆ ನಿಯಮ. ಬಸ್ಸಿನಲ್ಲಿ ಬರುವಾಗ ಹಾಡು ಗುನುಗುತ್ತಿದ್ದೆ.

ಮಾರ್ಚ್ 24

ಆಯಿತು. ಬಿಟ್ಟ ತಕ್ಷಣ ಕಾರು ಗೆರೆ ಬಿಟ್ಟು ನೇರ ಹೋಗಿ ಪರೀಕ್ಷಕರ ಬೂಟಿಗೆ ಢಿಕ್ಕಿ. ಮಕ್ಕಳು ಹೋ ಎಂದರು. ಎತ್ತಿ ಇಟ್ಟಳು. ಮತ್ತೆ ಬೂಟು. ವೈರು ಅಲ್ಲಾಡಿಸಿದಳು, ಬ್ಯಾಟರಿ ಬದಲಿಸಿದಳು. ನನ್ನ ಕಡೆ ನೋಡಿದಳು. ಏನೋ ಬರೆದುಕೊಳ್ಳುವವಳ ಹಾಗೆ ತಲೆ ತಗ್ಗಿಸಿದೆ. ‘ಬಿಸಿಲು’ ಅಂತ ಒಂದು ಮಾತು ಆಡಿದ್ದರೆ ಸಾಕಿತ್ತು. ಯಾವುದೋ ಹುಡುಗಿ “ಮಿಸ್, ತಳ್ಳಿಬಿಡೋಣ್ವಾ?” ಅಂದಳು. ಪರೀಕ್ಷಕರೂ ನಕ್ಕರು. ನಾನೂ.

ನನ್ನ ಪಾಠ ಮಧ್ಯಾಹ್ನ ಇತ್ತು. ಪಾಸು.

ಮಾರ್ಚ್ 26

ಗೈಡ್ ಇಬ್ಬರನ್ನೂ ಕರೆಸಿದ್ದರು. ಎಲ್ಲಾ ಬಿಸಿಲಿನಿಂದ ಆದದ್ದು ಎಂದು ಅತ್ತಿಗೆಗೆ ವಿವರಿಸಿದರು. ಜೋಡಿಯವರು ಸರಿಯಾದ ಪ್ರಶ್ನೆ ಕೇಳಿ ಎಚ್ಚರಿಸಿರದಿದ್ದರೆ ಇನ್ನೊಂದು ಅವಕಾಶ ಕೊಡಬಹುದಂತೆ. “ಹಾಲ್ ಬಗ್ಗೆ ಕೇಳಿದ್ರಾ ನೀವು?”

“ಕೇಳಿದ್ದೆ ಸರ್.” ಸುಳ್ಳಲ್ಲವಲ್ಲ!

ಅತ್ತಿಗೆ ಒಮ್ಮೆ ನನ್ನ ಮುಖ ನೋಡಿದಳು. “ಹೌದು ಸರ್, ಕೇಳಿದ್ಲು. ನಂಗೇ ಹೊಳೀಲಿಲ್ಲ.”

“ಹೀಗೆ ಕೇಳ್ಬೇಕು ನೋಡಿ, ಉತ್ತರ ಬಿಟ್ಟುಕೊಡದೆ,” ಎಂದು ಗೈಡ್ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಅವಳ ಎದುರಿಗೇ. ಖುಷಿಯಾಯಿತು.

ಏಪ್ರಿಲ್ 19

ಲ್ಯಾಬಿನ ಬೀಗದಕೈ ನನ್ನ ಕೈಗೆ ಬಂತು. ಅತ್ತಿಗೆಯ ಕೊನೆಯ ದಿನವೂ ಇವತ್ತೇ. ತನ್ನ ಸಾಮಾನಿನ ಡಬ್ಬಗಳನ್ನೆಲ್ಲ ತಂದು ನನ್ನ ಮೇಜಿನ ಮೇಲಿಟ್ಟಳು.

“ಅವತ್ತು ಟ್ರಯಲ್ ನೋಡ್ತಾ ನೀನು ಕಿಟಕಿ ಪರದೆ ಕಡೆ ನೋಡ್ದೆ, ಆಮೇಲೆ ನಿನ್ನಷ್ಟಕ್ಕೆ ನಕ್ಕೆ. ನಿಂಗೆ ಗೊತ್ತಾಗಿತ್ತು, ಅಲ್ವೇನೇ?”

“ಮತ್ತೆ ಗೈಡ್ ಹತ್ರ ಯಾಕೆ ಹಾಗಂದ್ರಿ?”

“ಅತ್ತೆಗಿರೋದು ನೀನೊಬ್ಳೇ ಮಗಳು. ನೀನು ಹೀಗೆ ಮಾಡ್ದೆ ಅಂತ ಅವರ ಕಿವಿಗೆ ಹಾಕೋಕೆ ನನ್ ಕೈಲಾಗಲ್ಲ. ಏನು ಹೇಳ್ತೀಯೋ, ನೀನೇ ಹೇಳ್ಕೋ.”

ಅತ್ತಿದ್ದರೆ, ಬೈದಿದ್ದರೆ ಚೆನ್ನಾಗಿತ್ತು. ಎರಡೂ ಇಲ್ಲ. ದೊಡ್ಡ ಮನಸ್ಸು ತೋರಿಸಿ ಹೋದಳು. ಅದಕ್ಕೇ ಇನ್ನಷ್ಟು ಉರಿ.

ಏಪ್ರಿಲ್ 20, ಬೆಳಗ್ಗೆ

ಅಮ್ಮ ಬಂದಿದ್ದಾಳೆ. ಒಬ್ಬಳೇ, ಬಸ್ಸು ಹಿಡಿದು. ನೀರೂ ಬೇಡವಂತೆ. “ಅವಳು ಬಾಯೇ ಬಿಡ್ತಿಲ್ಲ ಕಣೇ. ಏನಾಯ್ತು ಅಂತ ನೀನಾದ್ರೂ ಹೇಳು.” ಬಟ್ಟೆ ಬದಲಿಸಿ ಬರುತ್ತೇನೆ ಅಂತ ಕೋಣೆ ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಯೋಚನೆ ಮಾಡಿಯಾಯಿತು. ಬಿಸಿಲು ಬೀಳುತ್ತೆ, ಅಲ್ಲೇ ಅಳೀರಿ ಅಂತ ಬಡ್ಕೊಂಡೆ ಅಮ್ಮ, ನಿನ್ನ ಸೊಸೆಗೆ ಜಂಬ, ಕಿವಿಗೇ ಹಾಕ್ಕೊಳ್ಳಲಿಲ್ಲ ಅನ್ನುತ್ತೇನೆ. ನಂಬುತ್ತಾಳೆ. ಅತ್ತಿಗೆ ಎದುರಾಡುವುದಿಲ್ಲ, ಅವಳೇ ಹೇಳಿದ್ದಾಳಲ್ಲ. ಮೊದಲು ಒಂದಿಷ್ಟು ಅಳಬೇಕು, ಅತ್ತರೆ ಅಮ್ಮ ಕರಗುತ್ತಾಳೆ — ಬಾಗಿಲು ತಟ್ಟುತ್ತಿದ್ದಾಳೆ. ಬಂದೆ ಅಮ್ಮಾ, ಒಂದು ನಿಮಿ