ಕೇದಾರದ ಕೆಂಪು ಹರಳಿನ ಕಲ್ಲು

ಜಗಳೂರು
೯ ಸೆಪ್ಟೆಂಬರ್ ೨೦೨೪

ತಮ್ಮ ಕಲ್ಲೇಶನಿಗೆ,

ನಾವೆಲ್ಲ ಕ್ಷೇಮ. ನೀನೂ ಕ್ಷೇಮವೆಂದು ಪೇಪರ್ ನೋಡಿ ತಿಳಿಯಿತು. ಕಾಗದ ತಡವಾಯಿತು, ಒಂದು ವಾರದಿಂದ ಬರೆದು ಬರೆದು ಹರಿದುಹಾಕಿದ್ದೇನೆ. ಫೋನ್ ಮಾಡಿದರೆ "ಮೀಟಿಂಗಲ್ಲಿದೀನಿ ಅಕ್ಕ" ಎಂದು ಇಟ್ಟುಬಿಡುತ್ತೀಯ. ಕಾಗದದ ಮುಂದೆ ಆ ಆಟ ನಡೆಯುವುದಿಲ್ಲ.

ಹೊನ್ನಾಳಿಯಲ್ಲಿ ಓದುತ್ತಿರುವ ಮಗಳು ಸುನೀತಾ ಆ ಪೇಪರ್ ತಂದು ಓದಿ ಹೇಳಿದಳು. ಭೂವಿಜ್ಞಾನದ ಪ್ರೊಫೆಸರಾದ ನಿನಗೆ ಜಗಳೂರಿನ ಹೊಲವೊಂದರಲ್ಲಿ ಕೆಂಪು ಹರಳಿನ ಕಲ್ಲು ಸಿಕ್ಕಿತಂತೆ. ಖಂಡಕ್ಕೆ ಖಂಡ ಗುದ್ದಿ ಬೆಟ್ಟ ಏಳುವಾಗ ಇಂಥ ಕಲ್ಲು ನಲವತ್ತು ಕಿಲೋಮೀಟರ್ ಆಳಕ್ಕೆ ಇಳಿಯುತ್ತದಂತೆ. ಮೇಲಿನ ಬೆಟ್ಟ ಮಳೆಗಾಳಿಗೆ ಸವೆಯುತ್ತ ಹೋದ ಹಾಗೆ, ಕೆಳಗಿನಿಂದ ಒತ್ತಿಸಿಕೊಂಡು ಮತ್ತೆ ಮೇಲಕ್ಕೆ ಬರುತ್ತದಂತೆ. ನಿಧಾನವಾಗಿ ಬಂದರೆ ಆಳದ ಗುರುತೆಲ್ಲ ಅಳಿಸಿಹೋಗುತ್ತದೆ, ಇದು ಬೇಗ ಬಂದಿದೆ, ಆದ್ದರಿಂದ ಇಲ್ಲಿಯೂ ಹಿಂದೆ ಹಿಮಾಲಯದಂಥ ಬೆಟ್ಟವಿತ್ತು ಎಂದು ಹೇಳಿದ್ದೀಯ.

ಬೇಗ ಬಂದದ್ದು ನಿಜ. ಯಾತ್ರೆ ಬಸ್ಸಿನಲ್ಲಿ ಆರೇ ದಿನಕ್ಕೆ ಬಂತು. ಅದು ಹಿಮಾಲಯದ್ದೇ ಕಲ್ಲು ಕಣೋ, ಅವ್ವ ಕೇದಾರದಿಂದ ಹಳೇ ಸೀರೆಯಲ್ಲಿ ಸುತ್ತಿಕೊಂಡು ತಂದದ್ದು. ಡ್ರೈವರ್ "ಅಜ್ಜಿ, ಈ ಗುಂಡು ಯಾಕೆ, ಇಳಿಸ್ರಿ" ಎಂದರೆ, "ಹಂಗಾರೆ ನಾನೂ ಇಳೀತೀನಿ" ಎಂದಳಂತೆ.

ಅದನ್ನು ಹೊಲದ ಮೂಲೆಯಲ್ಲಿ ಅರ್ಧ ಹುಗಿದವರು ನಾವು. ಅದರ ಕೆಳಗೆ ಅವ್ವ ಇದ್ದಾಳೆ. ಮಳೆಗೆ ಮಣ್ಣು ಕುಸಿದು ಸಮಾಧಿ ನೆಲಸಮವಾಗಿತ್ತು, ಗುರುತಿಗೆ ಆ ಕಲ್ಲೊಂದೇ ಉಳಿದಿತ್ತು. ಮಣ್ಣಿಗೆ ನೀನು ಬರಲಿಲ್ಲ. ಯಾವುದೋ ಸಮ್ಮೇಳನದಲ್ಲಿ ಭಾಷಣವಿತ್ತು. ಹನ್ನೊಂದನೆಯ ದಿನ ಬಂದೆ, ಉಂಡೆ, ಹೊಲದ ಕಡೆ ತಲೆಯೂ ಹಾಕದೆ ಹೊರಟೆ. ಹೆತ್ತವ್ವ ಎಲ್ಲಿದ್ದಾಳೆಂದು ಗೊತ್ತಿಲ್ಲದವನು ಭೂಮಿಯ ಹೊಟ್ಟೆಯಲ್ಲಿ ಏನಿದೆಯೆಂದು ಊರಿಗೆಲ್ಲ ಹೇಳುತ್ತೀಯ.

ನಾವು ನ್ಯಾಮತಿಗೆ ಮದುವೆಗೆ ಹೋದ ದಿನವೇ ನಿನ್ನ ಜೀಪು ಬಂದಿತ್ತಂತೆ. ಪಕ್ಕದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದ ಓಬಳಪ್ಪ ಹೇಳಿದ: "ನಿಮ್ ತಮ್ಮಾರು ಸುತ್ತಿಗೆ ಹಿಡಕಂಡು ಕುಟ್ತಿದ್ರವ್ವ. ಬ್ಯಾಡ್ರಿ ಅನ್ನಾಕೆ ಹೋದೆ. 'ಇದು ನಮ್ಮಕ್ಕನ ಹೊಲ ಐತೆ, ನೀನು ಕುರಿ ನೋಡ್ಕ ಹೋಗು' ಅಂದ್ರು." ಮೇಲಿನ ಭಾಗ ಒಡೆದು ಒಯ್ದಿದ್ದೀಯ. ಮೊಂಡು ಮಾತ್ರ ಉಳಿದಿದೆ. ಅದನ್ನು ನೋಡಿ ನನಗೆ ಅನ್ನ ಸೇರಲಿಲ್ಲ.

ಬರುವ ಭಾನುವಾರ ಚನ್ನಗಿರಿಯಲ್ಲಿ ನಿನಗೆ ಸನ್ಮಾನವಂತೆ. ಅಷ್ಟರೊಳಗೆ ಆ ಕಲ್ಲನ್ನು ನೀನೇ ಹೊತ್ತು ತಂದು ಇದ್ದಲ್ಲಿ ಇಡಬೇಕು, ತಪ್ಪು ಹೇಳಿದೆ ಎಂದು ಪೇಪರಿನವರ ಮುಂದೆ ಒಪ್ಪಿಕೊಳ್ಳಬೇಕು. ಇಲ್ಲವಾದರೆ ಮುಂದಿನ ಸಾಲಿನಲ್ಲಿ ನಾನು ಕೂತಿರುತ್ತೇನೆ. ಶಾಲು ಹೊದಿಸುವ ಹೊತ್ತಿಗೆ ಎದ್ದು ಎಲ್ಲವನ್ನೂ ಹೇಳುತ್ತೇನೆ. "ಮನೆ ಮಾನ ಹೋಗ್ತತೆ, ಬಿಟ್ಬಿಡು" ಎನ್ನುತ್ತಾರೆ ನಿನ್ನ ಭಾವ. ನಾನು ಬಿಡುವವಳಲ್ಲ.

ದೊಡ್ಡವಳಾಗಿ ಶಾಪ ಹಾಕಬಾರದು. ನಿನ್ನ ಮಕ್ಕಳು ನೂರು ಕಾಲ ಬಾಳಲಿ. ನಿನಗೆ ಆಶೀರ್ವಾದ ಬರೆಯಲು ಕೈ ಬರುತ್ತಿಲ್ಲ.

ನಿನ್ನ ಅಕ್ಕ,
ನೇತ್ರಾವತಿ

ಮತ್ತೊಂದು ಮಾತು: ಅವ್ವ ಆ ಕಲ್ಲನ್ನು ಸಮಾಧಿಗೆಂದು ತಂದಿರಲಿಲ್ಲ. ನಿನಗೆಂದು ತಂದಿದ್ದಳು. ಮೂರು ವರ್ಷ ದೇವರ ಜಗಲಿಯ ಮೇಲಿಟ್ಟುಕೊಂಡು ಕಾದಳು. ನೀನು ಬಂದಾಗಲೆಲ್ಲ ಕಾರು ಆಫ್ ಮಾಡದೆ ಮಾತಾಡಿಸಿ ಹೋದೆ. ಕೊನೆಗೆ, "ಅವ್ನು ದೊಡ್ಡ ಮೇಷ್ಟ್ರು, ಇಂಥವು ಸಾವಿರ ನೋಡಿರ್ತಾನೆ, ಕೊಟ್ರೆ ನಗ್ತಾನೆ. ನನ್ ಮ್ಯಾಲೇ ಇಟ್ಬಿಡ್ರಿ" ಎಂದಳು. ನೀನು ನಗಲಿಲ್ಲ, ಕಲ್ಲೇಶ. ಪೇಪರಿನ ಫೋಟೊದಲ್ಲಿ ಸಣ್ಣ ಹುಡುಗನ ಹಾಗೆ ಅದನ್ನು ಎದೆಗೆ ಅವಚಿಕೊಂಡು ನಿಂತಿದ್ದೀಯ. ಅವ್ವ ಅಷ್ಟು ನೋಡಿದ್ದರೆ ಸಾಕಿತ್ತು.