ನೀರಿಗೆ ಹೋಗದ ಬಣ್ಣ

ಡೊಂಬಿವಲಿ ಪೂರ್ವ
೧೯ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ಅಮ್ಮನಿಗೆ ವನಮಾಲಾ ಮಾಡುವ ನಮಸ್ಕಾರ.

ಊರು ಮುಟ್ಟಿದ ಮೇಲೆ ಮೊಣಕಾಲು ಹೇಗಿದೆ? ರೈಲಿನಲ್ಲಿ ಕೆಳಗಿನ ಬರ್ತಿನಲ್ಲೇ ಮಲಗಿದೆಯೋ, ಇಲ್ಲಾ ಯಾರಿಗೋ ಬಿಟ್ಟುಕೊಟ್ಟು ನೀನು ಮೇಲೆ ಹತ್ತಿದೆಯೋ? ಹತ್ತಿರುತ್ತೀ, ನನಗೆ ಗೊತ್ತು. ಬಿ.ಪಿ. ಮಾತ್ರೆ ತಿಂಡಿ ಆದ ಮೇಲೆ, ಮೊದಲಲ್ಲ. ಶಿರ್ವದಲ್ಲಿ ಮಾವ, ಅತ್ತೆ ಎಲ್ಲರೂ ಸೌಖ್ಯ ಎಂದುಕೊಂಡಿದ್ದೇನೆ. ದೇವರ ಮುಂದೆ ಮೊದಲ ಆಮಂತ್ರಣ ಪತ್ರಿಕೆ ಇಟ್ಟಾಯಿತಾ? ಇಲ್ಲಿ ತನ್ವಿಗೆ ನೆಗಡಿ. ಶಾಲೆ ತಪ್ಪಿಸಲು ಇರುವುದಕ್ಕಿಂತ ಜಾಸ್ತಿ ಕೆಮ್ಮುತ್ತಾಳೆ. ನಿನ್ನ ಅಳಿಯ ಭಾವಮೈದುನನ ಮದುವೆಗೆಂದು ತಂದ ಪಂಚೆಯನ್ನು ದಿನಕ್ಕೊಮ್ಮೆ ಬಿಚ್ಚಿ, ಜರಿ ನೋಡಿ, ಮತ್ತೆ ಮಡಿಸಿಡುತ್ತಾರೆ. ಅವರಿಗೆ ಯಾವ ಚಿಂತೆಯೂ ಇಲ್ಲ, ಪುಣ್ಯವಂತರು.

ಫೋನ್ ಮಾಡದೆ ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೆ ಎಂಥ ಆಯಿತು ಎಂದು ನೀನು ಕೇಳಬಹುದು. ನೀನು ಫೋನ್ ಎತ್ತಿದ ಕೂಡಲೇ ಸ್ಪೀಕರ್ ಒತ್ತುತ್ತೀ, ಅತ್ತೆ ಪಕ್ಕದಲ್ಲಿ ಬಂದು ಕೂರುತ್ತಾರೆ, ನಾನು ಕೆಮ್ಮಿದರೂ ಸಂಜೆಯೊಳಗೆ ಉಡುಪಿಗೆಲ್ಲ ಗೊತ್ತಾಗುತ್ತದೆ. ಈ ಮಾತು ಹಾಗೆ ಆಡುವ ಮಾತಲ್ಲ. ಊರಿಗೆ ಹೊರಡುವ ದಿನ ನೀನು ನನಗೆ ಎರಡು ಕೆಲಸ ಹೇಳಿ ಹೋದೆ. ಒಂದು, ಶ್ರೀಪ್ರಿಯಾಳನ್ನು ನಮ್ಮ ಸ್ಪಾಕ್ಕೆ ಕರೆದು, ಮದುಮಗಳಿಗೆ ನಾದಿನಿಯ ಉಡುಗೊರೆ ಎಂದು ಹೇಳಿ, ವ್ಯಾಕ್ಸಿಂಗ್‌ನಿಂದ ಪೆಡಿಕ್ಯೂರ್‌ವರೆಗೆ ಎಲ್ಲ ಮಾಡಿಸಿ, ಆ ನೆಪದಲ್ಲಿ ಅವಳ ಮೈಮೇಲೆ ಎಲ್ಲಾದರೂ ಕಲೆ, ಮಚ್ಚೆ, ಹೊಲಿಗೆಯ ಗುರುತು ಇದೆಯೋ ನೋಡುವುದು. ಎರಡು, ತಮ್ಮ ಕಶ್ಯಪನ ಎಡಗಾಲಿಗೆ ಹಚ್ಚಲು ನೀರಿಗೆ ಹೋಗದ ಬಣ್ಣ ಬೆರೆಸಿಡುವುದು. ಡಿಸೆಂಬರ್ ನಾಲ್ಕಕ್ಕೆ ಮದುವೆ. ಧಾರೆಗೆ ಮೊದಲು ಹುಡುಗಿಯ ಅಪ್ಪ ಮುರಾರಿ ರಾಯರು ಮದುಮಗನ ಕಾಲನ್ನು ಹರಿವಾಣದಲ್ಲಿಟ್ಟು, ಹಾಲು ನೀರು ಹೊಯ್ದು, ತಮ್ಮ ಕೈಯಿಂದಲೇ ತೊಳೆಯುತ್ತಾರೆ. ಬೆರಳಿನಿಂದ ಹರಡಿನವರೆಗೆ ನಮ್ಮ ಹುಡುಗನಿಗಿರುವ ಬಿಳಿ ಮಚ್ಚೆಗಳು ಐನೂರು ಜನರ ಎದುರಿಗೆ ಬಣ್ಣ ತೊಳೆದುಹೋಗಿ ಎದ್ದು ಬಂದರೆ ಏನು ಗತಿ ಎಂಬುದು ನಿನ್ನ ಹೆದರಿಕೆ. ಇವತ್ತಿನವರೆಗೆ ಅವರ ಮನೆಯವರಿಗೆ ನಾವು ಒಂದು ಮಾತು ಹೇಳಿಲ್ಲ. ಹದಿನೈದು ದಿನ ಉಳಿದಿದೆ.

ಮೊದಲು ಎರಡನೆಯ ಕೆಲಸದ್ದು ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಸ್ಪಾ ತೆರೆಯುವ ಮೊದಲೇ ಕಶ್ಯಪನನ್ನು ಕರೆಸಿದೆ. ಮುಖದ ಕಲೆ, ಸುಟ್ಟ ಗಾಯ ಮುಚ್ಚಲು ನಾವು ಬಳಸುವ ಕ್ರೀಮುಗಳಲ್ಲಿ ನಾಲ್ಕು ಬಣ್ಣ ತೆಗೆದು, ಅವನ ಬಲಗಾಲಿನ ಬಣ್ಣಕ್ಕೆ ಹೊಂದುವ ಹಾಗೆ ಬೆರೆಸಿ, ಎಡಗಾಲಿಗೆ ಹಚ್ಚಿ, ಮೇಲೆ ಪೌಡರ್ ಹಾಕಿ, ಒಣಗಿಸಿ, ನೀನು ಹೇಳಿದ ಹಾಗೆ ಟಬ್ಬಿನಲ್ಲಿ ಹಾಲು ನೀರು ಎರಡೂ ಹಾಕಿ ಕಾಲು ಇಳಿಸಿದೆ. ಸುಮ್ಮನೆ ಇಟ್ಟರೆ ನಿಲ್ಲುತ್ತದೆ ಅಮ್ಮಾ. ಕೈಯಿಂದ ಉಜ್ಜಿದರೆ ಹರಡಿನ ಸುತ್ತ ಬಿಡುತ್ತದೆ. ಮೂರು ಸಲ ಮಾಡಿದೆ, ಮೂರು ಸಲವೂ ಹಾಲು ಚಹಾದ ಬಣ್ಣಕ್ಕೆ ತಿರುಗಿತು. ಮೂರನೆಯ ಸಲ ಅವನು ಟಬ್ಬನ್ನೇ ನೋಡುತ್ತ, "ಅಕ್ಕ, ಸಾಕು. ನಾನು ಅವಳಿಗೆ ಹೇಳಿಬಿಡ್ತೇನೆ" ಎಂದ. ನಾನು ಏನು ಹೇಳಿದೆ ಗೊತ್ತಾ? "ಸುಮ್ಮನಿರು, ಅಮ್ಮ ಬರಲಿ" ಎಂದೆ. ಮೂವತ್ತೊಂದು ವರ್ಷದ ಗಂಡಸು, ಮಹಾಪೆಯ ಕಂಪನಿಯಲ್ಲಿ ಕೈಕೆಳಗೆ ಇಪ್ಪತ್ತು ಜನ ಇರುವವನು, ಕಾಲು ಒರೆಸಿ ಸಾಕ್ಸ್ ಹಾಕಿಕೊಂಡು ಹೋದ. ನನಗೆ ನನ್ನ ಮೇಲೇ ಸಿಟ್ಟು ಬಂತು. ನಿಶ್ಚಿತಾರ್ಥದ ದಿನ ಆ ಕಾಲಿಗೆ ಬಣ್ಣ ಹಚ್ಚಿದವಳೂ ನಾನೇ ಅಲ್ಲವಾ? ಆ ದಿನ ಎಷ್ಟು ಚೆನ್ನಾಗಿ ಕೂತಿತು ಎಂದು ನೀನು ನನ್ನ ಬೆನ್ನು ತಟ್ಟಿದೆ, ನಾನೂ ಹಿಗ್ಗಿದೆ. ನಾಚಿಕೆಗೆಟ್ಟವಳು ನಾನು.

ಮರುದಿನ ಸೋಮವಾರ ಶ್ರೀಪ್ರಿಯಾಳನ್ನು ಕರೆದೆ. ಮಂಗಳವಾರ ಕೂದಲು ತೆಗೆಸಬಾರದು ಎಂದು ನೀನು ಹೇಳಿದ್ದೆಯಲ್ಲ, ಅದೊಂದನ್ನು ಶ್ರದ್ಧೆಯಿಂದ ಪಾಲಿಸಿದೆ. ಕಲ್ಯಾಣದಲ್ಲಿ ಅವಳ ಶಾಲೆ ಮಧ್ಯಾಹ್ನಕ್ಕೆ ಬಿಡುತ್ತದೆ. ಮೂರು ಗಂಟೆಗೆ ಬಂದಳು, ಬರುವಾಗ ತನ್ವಿಗೆಂದು ಚಿತ್ರದ ಪುಸ್ತಕ ತಂದಿದ್ದಳು. ಕೈ, ಕಾಲು, ಬೆನ್ನು ಎಲ್ಲದಕ್ಕೂ ವ್ಯಾಕ್ಸ್ ಮಾಡಿದೆ. ಬೇರೆ ದಿನ ಒಂದು ದೀಪದಲ್ಲಿ ಮಾಡುವ ಕೆಲಸಕ್ಕೆ ಅವತ್ತು ಎರಡು ದೀಪ ಹಾಕಿದೆ. ಪಟ್ಟಿ ಎಳೆಯುವಾಗ ಹುಡುಗಿ ಹಲ್ಲು ಕಚ್ಚಿ, "ದೀದಿ, ಮದುವೆ ಆದ ಮೇಲೂ ಹೀಗೇ ನೋವಾಗ್ತದಾ?" ಎಂದು ನಗಿಸಿದಳು. ನಾನು ನಕ್ಕೆ, ಕಣ್ಣು ಮಾತ್ರ ಅವಳ ಹೆಗಲ ಮೇಲೆ, ಸೊಂಟದ ಮೇಲೆ ಓಡುತ್ತಿತ್ತು. ನಮ್ಮಲ್ಲಿ ಕಾಲಿನ ಕೆಲಸ ಮಾಡುವ ಕಲಬುರಗಿಯ ಕಾಂಚನಾ ಟವೆಲ್ ಕೊಡಲು ಬಂದವಳು ಎರಡು ದೀಪ ನೋಡಿದಳು, ನನ್ನ ಮುಖ ನೋಡಿದಳು, ಬಾಗಿಲ ಹೊರಗೆ ಕರೆದು, "ಅಕ್ಕಾ, ನಾವಿಲ್ಲಿ ಮೈ ಚಂದ ಮಾಡ್ಲಾಕ ಬಂದೀವೋ, ತಪಾಸ ಮಾಡ್ಲಾಕ ಬಂದೀವೋ?" ಎಂದಳು. ನನ್ನ ಕೈಕೆಳಗಿನವಳು ಅಮ್ಮಾ, ನನಗಿಂತ ಹತ್ತು ವರ್ಷ ಚಿಕ್ಕವಳು. ಬಾಯಿಗೆ ಬಂದದ್ದು ಬೈಯಬೇಕೆಂದಿದ್ದೆ, ಟವೆಲ್ ತೆಗೆದುಕೊಂಡು ಒಳಗೆ ಹೋದೆ.

ನಮ್ಮ ಕೆಲಸದಲ್ಲಿ ಒಂದು ನೇಮ ಇದೆ. ಕೋಣೆಯೊಳಗೆ ಹೆಂಗಸರು ಮೈಮೇಲಿನ ಬಟ್ಟೆಯ ಜೊತೆ ಮನಸ್ಸನ್ನೂ ಬಿಚ್ಚಿಡುತ್ತಾರೆ. ಗಂಡ ಹೊಡೆದ ಗುರುತೂ ಕಾಣುತ್ತದೆ, ಹೆರಿಗೆಯ ಹೊಲಿಗೆಯೂ ಕಾಣುತ್ತದೆ. ನೋಡಿದ್ದು ಆ ಬಾಗಿಲು ದಾಟಬಾರದು. ಹದಿನಾಲ್ಕು ವರ್ಷ ನಾನು ಅದನ್ನು ಮೀರಲಿಲ್ಲ. ಹಾಗಾಗಿ ಶ್ರೀಪ್ರಿಯಾಳ ಮೈಮೇಲೆ ಏನು ಇದೆ, ಏನು ಇಲ್ಲ ಎಂದು ನಿನಗೆ ನಾನು ಬರೆಯುವುದಿಲ್ಲ. ಇಲ್ಲ ಎಂದೂ ಬರೆಯುವುದಿಲ್ಲ, ಇದೆ ಎಂದೂ ಬರೆಯುವುದಿಲ್ಲ. "ಅವರದ್ದೂ ಏನಾದರೂ ಒಂದು ಸಿಕ್ಕಿದರೆ ನಮ್ಮದಕ್ಕೆ ಬಾಯಿ ಬರ್ತದೆ" ಎಂದು ನೀನು ಹೇಳಿದೆಯಲ್ಲ, ಆ ಮಾತು ನನ್ನ ಕಿವಿಯಿಂದ ಹೋಗುತ್ತಿಲ್ಲ. ಎರಡು ಸಂಬಂಧ ಆ ಕಾಲಿನ ದೆಸೆಯಿಂದಲೇ ತಪ್ಪಿದವು, ಒಂದು ಮನೆಯವರು ನಾವು ಕೊಟ್ಟ ಲೋಟದ ಕಾಫಿಯನ್ನೂ ಮುಟ್ಟದೆ ಎದ್ದರು, ಆ ದಿನ ನೀನು ಅಡುಗೆಮನೆಯಲ್ಲಿ ಅತ್ತದ್ದು ನಾನು ನೋಡಿದ್ದೇನೆ. ಅದು ಅಂಟುವ ಕಾಯಿಲೆ ಅಲ್ಲ ಎಂದು ಡಾಕ್ಟರು ಹತ್ತು ಸಲ ಹೇಳಿದರೂ ಜನರಿಗೆ ಹೋಗುವುದಿಲ್ಲ, ನಿಜ. ಅಪ್ಪ ಹೋದ ಮೇಲೆ ನೀನು ಒಬ್ಬಳೇ ನಮ್ಮಿಬ್ಬರನ್ನು ದಡ ಸೇರಿಸಿದವಳು. ನಿನ್ನ ಮೇಲೆ ನನಗೆ ಸಿಟ್ಟಿದೆ, ಅದಕ್ಕಿಂತ ಜಾಸ್ತಿ ಕನಿಕರ ಇದೆ. ಕೋಪ ಮಾಡಿಕೊಳ್ಳಬೇಡ, ಮುಂದೆ ಓದು.

ವ್ಯಾಕ್ಸ್ ಆದ ಮೇಲೆ ಪೆಡಿಕ್ಯೂರಿಗೆ ಕೂರಿಸಿದೆ. ಅದು ಕಾಂಚನಾಳ ಕೆಲಸ, ಆದರೆ ಕಾಲನ್ನೂ ನಾನೇ ನೋಡಬೇಕಿತ್ತಲ್ಲ. ಮಣೆ ಎಳೆದು ಅವಳ ಕಾಲ ಬುಡದಲ್ಲಿ ಕೂತೆ. ಅವಳು ಬೆಂಕಿ ತಾಗಿದ ಹಾಗೆ ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡಳು. "ಅಯ್ಯೋ ದೀದಿ, ನೀವು ದೊಡ್ಡವರು! ನಾನು ನಿಮ್ಮ ಕಾಲಿಗೆ ಬೀಳಬೇಕು, ನೀವು ನನ್ನ ಕಾಲು ಮುಟ್ಟಿದರೆ ಪಾಪ ಬರ್ತದೆ" ಎಂದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಮನೆಯಲ್ಲಿ ಅಪ್ಪ ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವಳು, ಅದನ್ನು ಕನ್ನಡದಲ್ಲೇ ಹೇಳಿದಳು. ಇದು ನನ್ನ ಹೊಟ್ಟೆಪಾಡು, ಪಾಪ ಏನೂ ಇಲ್ಲ ಎಂದು ಒಪ್ಪಿಸಿ ಕಾಲನ್ನು ಬಿಸಿನೀರಿಗೆ ಇಳಿಸಿದೆ. ಒಂದು ಕಾಲು ತೆಗೆದು ಕಲ್ಲಿನಿಂದ ಹಿಮ್ಮಡಿ ಉಜ್ಜುತ್ತಿದ್ದೆ. ಆಗ ಪಕ್ಕದ ಟ್ರಾಲಿಯಿಂದ ಒಂದು ಡಬ್ಬಿ ಎತ್ತಿಕೊಂಡು, ಇದು ನಮ್ಮ ಕಶ್ಯಪನದ್ದಾ ಎಂದು ಅವಳು ಕೇಳಿದಳು, "ದೀದಿ, ಯೇ ಅಪ್ನೇ ಕಶ್ಯಪ್ ಕಾ ಹೈ?"

ನಮ್ಮಲ್ಲಿ ಯಾವ ಬಣ್ಣ ಬೆರೆಸಿದರೂ ಡಬ್ಬಿಗೆ ಸ್ಟಿಕರ್ ಅಂಟಿಸಿ ಹೆಸರು, ತಾರೀಕು, ಮೈಯ ಯಾವ ಜಾಗಕ್ಕೆ ಎಂದು ಬರೆಯಬೇಕು. ಒಬ್ಬರದ್ದು ಇನ್ನೊಬ್ಬರಿಗೆ ಹೋಗಬಾರದಲ್ಲ. ಭಾನುವಾರ ನನ್ನ ಕೈ ತನ್ನಷ್ಟಕ್ಕೆ ಬರೆದಿತ್ತು: ಕಶ್ಯಪ, ಎಡ ಪಾದ, ಮದುವೆಯ ದಿನಕ್ಕೆ, ನೀರಿನ ಪರೀಕ್ಷೆ ಮೂರು. ಎಲ್ಲರಿಗೂ ಓದಲು ಬರಲಿ ಎಂದು ಮರಾಠಿಯಲ್ಲೇ ಬರೆಯುವುದು ಅಭ್ಯಾಸ. ಕನ್ನಡದಲ್ಲಿ ಗೀಚಿದ್ದರೆ ಅವಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಅಷ್ಟೂ ಬುದ್ಧಿ ಇಲ್ಲದೆ ಹೋಯಿತು ನನಗೆ. ನನ್ನ ಕೈಯಲ್ಲಿದ್ದ ಕಲ್ಲು ಟಬ್ಬಿಗೆ ಬಿತ್ತು. ಬೇರೆ ಕ್ಲೈಂಟ್ ಎಂದೆ. ಅವಳು ಡಬ್ಬಿಯ ಮುಚ್ಚಳ ತೆಗೆದು ತನ್ನ ಮುಂಗೈ ಮೇಲೆ ಚೂರು ಹಚ್ಚಿಕೊಂಡಳು, ಅದೇ ಕೈಯನ್ನು ಟಬ್ಬಿನ ನೀರಿಗೆ ಇಳಿಸಿ ಉಜ್ಜಿದಳು, ಎತ್ತಿ ನೋಡಿದಳು. ಆಮೇಲೆ ಹೇಳಿದಳು, "ನಿಶ್ಚಿತಾರ್ಥದ ದಿನ ಊಟಕ್ಕೆ ಮುಂಚೆ ಎಲ್ಲರೂ ಕಾಲು ತೊಳೆದರು, ಅವರು ತೊಳೆಯಲಿಲ್ಲ. ಪಪ್ಪ ನೋಡಿದರು, ಸುಮ್ಮನಿದ್ದರು." ಎದ್ದು ಚಪ್ಪಲಿ ಮೆಟ್ಟಿಕೊಂಡಳು. "ಆಜ್ ಆಪ್‌ನೇ ಮುಝೇ ಪೂರಾ ದೇಖ್ ಲಿಯಾ, ದೀದಿ. ನನ್ನನ್ನು ನೀವು ಪೂರ್ತಿ ನೋಡಿದಿರಿ, ಅವರನ್ನು ನಮ್ಮ ಮನೆಯಿಂದ ಯಾರು ನೋಡಿದ್ದಾರೆ?" ಇನ್ನೊಂದು ಕಾಲಿನ ಕೆಲಸ ಬಾಕಿ ಇತ್ತು ಅಮ್ಮಾ. ಒಂದೇ ಕಾಲು ಆಗಿತ್ತು, ಹಾಗೇ ಹೋದಳು.

ಸೋಮವಾರದಿಂದ ನನ್ನ ಫೋನ್ ಎತ್ತಿಲ್ಲ. ಕಶ್ಯಪನದ್ದೂ ಎತ್ತಿಲ್ಲ. ಅವನಿಗೆ ನಿನ್ನೆ ಎಲ್ಲ ಹೇಳಿದೆ, ಡಬ್ಬಿಯ ವಿಷಯ, ಎರಡು ದೀಪದ ವಿಷಯ, ಒಂದೂ ಬಿಡಲಿಲ್ಲ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇವತ್ತು ಬೆಳಿಗ್ಗೆಯಿಂದ ಅವನ ಫೋನೂ ಬಂದ್ ಇದೆ, ಆಫೀಸಿಗೂ ಬಂದಿಲ್ಲವಂತೆ. ಅದಕ್ಕೇ ಬೆಳಗಿನ ಕ್ಲೈಂಟುಗಳನ್ನು ಕಾಂಚನಾಳಿಗೆ ಬಿಟ್ಟು ಹಿಂದಿನ ಕೋಣೆಯಲ್ಲಿ ಇದನ್ನು ಬರೆಯುತ್ತ ಕೂತಿದ್ದೇನೆ. ತಾಳಿ ಕಟ್ಟಿದ ಮೇಲೆ ಹೇಳಿದರಾಯಿತು ಎನ್ನುತ್ತೀಯಲ್ಲ, ನನ್ನನ್ನು ಕೊಡುವಾಗ ನಿನ್ನ ಅಳಿಯನ ಮನೆಯವರು ಹೀಗೆ ಮಾಡಿದ್ದರೆ ನೀನು ಬಿಡುತ್ತಿದ್ದೆಯಾ? ಮುಖಕ್ಕೆ ಮಂಗಳಾರತಿ ಎತ್ತಿ ನನ್ನನ್ನು ಕರೆದುಕೊಂಡು ಬರುತ್ತಿದ್ದೆ. ಹೇಳಿದರೆ ಮದುವೆ ನಿಲ್ಲಬಹುದು. ನಿಲ್ಲಲಿ ಎಂದು ಹೇಳುವ ಧೈರ್ಯ ನನಗೂ ಇಲ್ಲ. ಕಶ್ಯಪ ಆ ಹುಡುಗಿಯ ಹೆಸರು ಹೇಳುವಾಗ ಅವನ ಮುಖ ಹೇಗಾಗುತ್ತದೆ ಎಂದು ನಾನು ನೋಡಿದ್ದೇನೆ. ಆದರೆ ಇನ್ನು ಮೇಲೆ ಆ ಕಾಲಿಗೆ ನಾನು ಬಣ್ಣ ಹಚ್ಚುವುದಿಲ್ಲ. ಬೇರೆ ಯಾರನ್ನಾದರೂ ಹುಡುಕುತ್ತೇನೆ ಎಂದು ಹೊರಡಬೇಡ. ನೀನೇ ಮುರಾರಿ ರಾಯರಿಗೆ ಹೇಳಬೇಕು. ಹಿರಿಯವಳು ನೀನು, ಮುಚ್ಚಿಡಿ ಎಂದವಳೂ ನೀನು.

ಮಾವ ಅತ್ತೆಯವರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುದ್ದು. ತನ್ವಿ ಅಜ್ಜಿಗೆ ಒಂದು ಮುತ್ತು ಕಳಿಸಿದ್ದಾಳೆ, ನೆಗಡಿಯದ್ದು, ಜಾಗ್ರತೆ. ಬೈಯುವುದಿದ್ದರೆ ನನ್ನನ್ನು ಬೈ, ಅವನನ್ನಲ್ಲ. ನಿನ್ನ ಆಶೀರ್ವಾದ ಈ ಮನೆಯ ಮೇಲೆ ಇರಲಿ.

ನಿನ್ನ ಮಗಳು,
ವನಮಾಲಾ

ತಾ.ಕ.: ಅಮ್ಮಾ, ಈಗ ಗಂಟೆ ನಾಲ್ಕು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಕಶ್ಯಪ ಬೆಳಿಗ್ಗೆ ನೇರ ಅಂಬರನಾಥಕ್ಕೆ ಹೋಗಿ, ಮುರಾರಿ ರಾಯರ ಹೋಟೆಲಿನ ಗಲ್ಲಾಪೆಟ್ಟಿಗೆಯ ಎದುರಿಗೇ ಸಾಕ್ಸ್ ಕಳಚಿ ಕಾಲು ತೋರಿಸಿದನಂತೆ. ರಾಯರು ಈಗ ಇಲ್ಲಿ ನನ್ನ ಎದುರಿಗೆ ನಿಂತಿದ್ದಾರೆ, ನಾನೂ ಅವರಿಗೆ ಎಲ್ಲ ಒಪ್ಪಿಕೊಂಡೆ. ಮದುವೆ ಬೇಡ ಎಂದು ಅಪ್ಪ ಮಗಳು ಇಬ್ಬರೂ ಹೇಳಿಲ್ಲ, ಆಗಲಿ ಎಂದೂ ಹೇಳಿಲ್ಲ. "ಹುಡುಗ ಹೇಳಿದ, ನೀನು ಹೇಳಿದೆ. ಬಿಳಿ ಕಾಲು ತೊಳೆಯಲು ನನಗೆ ಅಡ್ಡಿ ಇಲ್ಲ ತಂಗಿ, ಮೋಸದ ಕಾಲು ತೊಳೆಯುವುದಿಲ್ಲ. ನಿಮ್ಮ ಅಮ್ಮನ ಬಾಯಿಂದ ಕೇಳಬೇಕು" ಎಂದರು. ಅವರ ಮನೆದೇವರಿಗೂ ಆಮಂತ್ರಣ ಇಡಲು ಊರಿಗೆ ಹೋಗುವುದಿತ್ತಂತೆ, ಇವತ್ತೇ ಹೊರಟಿದ್ದಾರೆ. ಹಾಗಾಗಿ ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಇದನ್ನು ನಿನ್ನ ಕೈಗೆ ಕೊಟ್ಟವರು ಅವರೇ. ನಾನು ಬರೆದದ್ದನ್ನು ಅವರು ಓದಿಲ್ಲ, ಅವರೆದುರಿಗೇ ಅಂಟಿಸಿ ಕೊಡುತ್ತೇನೆ. ನೀನು ಇದನ್ನು ಓದುತ್ತಿರುವಾಗ ಅವರು ಜಗಲಿಯಲ್ಲಿ ನಿನ್ನ ಮುಖ ನೋಡುತ್ತ ಕೂತಿರುತ್ತಾರೆ. ಅತ್ತೆಯನ್ನು ಒಳಗೆ ಕಳಿಸು. ನನಗೆ ಉತ್ತರ ಬರೆಯಬೇಡ ಅಮ್ಮಾ, ತಲೆ ಎತ್ತಿ ಅವರಿಗೆ ಹೇಳು.