ಒಂಬತ್ತನೆಯ ಅಲೆ

ಚನ್ನಗಿರಿ, 14 ಜುಲೈ 2025, ಸೋಮವಾರ

ಒಂಬತ್ತನೆಯ ಅಲೆಯಲ್ಲಿ ಇಂದೂ ಸತ್ತೆ. ಮೊಬೈಲಿನ ಆ ಆಟದಲ್ಲಿ, ಮೇಲಿನಿಂದ ನೋಡಿದಂತೆ ಕಾಣುವ ಅಂಗಳದ ನಡುವೆ ನನ್ನ ಪುಟ್ಟ ಸೈನಿಕ ನಿಂತಿರುತ್ತಾನೆ. ನಾಲ್ಕು ದಿಕ್ಕಿನಿಂದಲೂ ವೈರಿಗಳು ಅಲೆಅಲೆಯಾಗಿ ನುಗ್ಗುತ್ತಾರೆ. ನನ್ನಾಕೆ ವನಜಾಕ್ಷಿ ಹದಿನಾಲ್ಕನೆಯ ಅಲೆಯನ್ನೂ ದಾಟಿದ್ದಾಳೆ. ಆಟವನ್ನು ಅವಳಿಗೆ ಕಲಿಸಿದವನು ನಾನೇ.

"ಮೇಷ್ಟ್ರೇ, ಕ್ಲಾಸ್‌ನಾಗೆ ನಿಂತಂಗೆ ನಿಂತ್ರೆ ಹೆಂಗ್ರೀ? ಅವೇನು ನಿಮ್ಮ ಹುಡುಗ್ರಾ, ಕುಂದ್ರಿ ಅಂದ್ರೆ ಕುಂದ್ರಾಕೆ?" ಎಂದು ನಕ್ಕಳು. "ಜಗಳೂರಾಗೆ ನಮ್ಮಪ್ಪನ ಕುರಿ ಹಿಂಗೇ ನುಗ್ತಿದ್ವು. ಎದುರಿಗೆ ನಿಲ್ಲಬಾರ್ದು. ಬದೀಗೆ ಸುತ್ತಿದ್ರೆ ಎಲ್ಲಾ ಒಂದೇ ಗುಂಪಾಗಿ ಹಿಂದೆ ಬರ್ತಾವೆ."

ಮೂವತ್ಮೂರು ವರ್ಷ ತರಗತಿಗೆ ಬೆನ್ನು ತೋರಿಸದೆ ಪಾಠ ಮಾಡಿದವನು ನಾನು. ಕಪ್ಪು ಹಲಗೆಯ ಮೇಲೂ ಓರೆಯಾಗಿ ನಿಂತೇ ಬರೆಯುತ್ತಿದ್ದೆ. ಓಡುವುದು ಶೌರ್ಯವಲ್ಲವೆಂದು ವಾದಿಸಿದೆ. ಅವಳು ಮಲಗಿದಳು. ನನಗೆ ನಿದ್ದೆ ಬರಲಿಲ್ಲ.

ಸದ್ದು ಅಡಗಿಸಿ ಮತ್ತೆ ಆಡಿದೆ. ಬೆನ್ನು ತಿರುಗಿಸಿ ಓಡಿದೆ, ಸುತ್ತಿದೆ. ಅವಳು ಹೇಳಿದಂತೆಯೇ ವೈರಿಗಳೆಲ್ಲ ಒಂದೇ ಗುಂಪಾದರು. ಒಂಬತ್ತು ದಾಟಿತು, ಹತ್ತೂ ದಾಟಿತು. ಅವಳನ್ನು ಎಬ್ಬಿಸಿ ಹೇಳೋಣವೆಂದು ಎರಡು ಬಾರಿ ಎದ್ದೆ, ಎರಡು ಬಾರಿಯೂ ಕುಳಿತೆ. ಹೇಳಿದರೆ, ಯಾರು ಕಲಿಸಿದ್ದೆಂದು ಕೇಳದೆ ಬಿಡುವುದಿಲ್ಲ. ಬೆಳಿಗ್ಗೆ ಒಪ್ಪಿಕೊಳ್ಳುವುದೇ ಸರಿ. ಆದರೆ ಅಷ್ಟರೊಳಗೆ ನಾನೇ ಹದಿನೈದನ್ನು ದಾಟಿಬಿಟ್ಟರೆ...